ನಡುವಿನ ಮನೆಯ ಬಾಕ್ಸು

ಮಾರಿಯಮ್ಮನಿಗೆ ಕಣ್ಣು ಕಾಣುವುದಿಲ್ಲ. ಸಕ್ಕರೆ ಕಾಯಿಲೆ ಮೊದಲು ಎಡಗಣ್ಣನ್ನು, ಆಮೇಲೆ ಬಲಗಣ್ಣನ್ನು ತೆಗೆದುಕೊಂಡಿತು. ಆದರೂ ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಮನೆಗಳಲ್ಲಿ ಒಂದಾದ ತನ್ನ ಲೈನ್ ಮನೆಯಲ್ಲಿ ಆಕೆ ಯಾರ ಕೈಯನ್ನೂ ಹಿಡಿಯದೆ ಓಡಾಡುತ್ತಾಳೆ. ಬೀದಿ ಬಾಗಿಲಿನಿಂದ ಗಾಳಿ ಬರುತ್ತದೆ, ಒಲೆಯ ಕಡೆಯಿಂದ ಬಿಸಿ ಬರುತ್ತದೆ, ಅಡುಗೆಮನೆ ಬಾಗಿಲ ಪಕ್ಕದ ಗೋಡೆಯಿಂದ ಗುಂಯ್ ಎನ್ನುವ ಸಣ್ಣ ಸದ್ದು ಬರುತ್ತದೆ. ಆ ಸದ್ದನ್ನು ಎಡಗಿವಿಗೆ ಇಟ್ಟುಕೊಂಡು ನಡೆದರೆ ಅಡುಗೆಮನೆ, ಬೆನ್ನಿಗೆ ಇಟ್ಟುಕೊಂಡು ನಡೆದರೆ ಬೀದಿ.

ಸದ್ದು ಮಾಡುವುದು ಗೋಡೆಗೆ ಹೊಡೆದ ಒಂದು ಕಬ್ಬಿಣದ ಬಾಕ್ಸು. ಅದರೊಳಗೆ ಹಸಿರು ದೀಪಗಳು ಮಿಣುಕುವ ಯಂತ್ರವೂ ಅದನ್ನು ತಣ್ಣಗಿಡುವ ಅಂಗೈಯಗಲದ ಫ್ಯಾನೂ ಇವೆ. ಸಾಲಿನ ಎಂಟೂ ಮನೆಗಳಿಗೆ ಇಂಟರ್‌ನೆಟ್ ಹಂಚುವುದು ಅದೇ. ಅದಕ್ಕೆ ಬೇಕಾದ ಕರೆಂಟು ಈ ಮನೆಯದು, ಅಂದರೆ ಮಾರಿಯಮ್ಮನ ಸೊಸೆ ಕಲಾಳದು.

ಬಾಕ್ಸು ಬಂದಾಗ ಕಲಾಳ ಮಾವ ಕೋದಂಡಪ್ಪ ಬದುಕಿದ್ದರು. ಗಣಿಯಲ್ಲಿ ಧೂಳು ಕುಡಿದ ಎದೆ, ಮಾತಿಗಿಂತ ಕೆಮ್ಮು ಜಾಸ್ತಿ. ಅದೇ ಬೀದಿಯಲ್ಲಿ ಹುಟ್ಟಿ ಕೇಬಲ್ ಟೀವಿ ನಡೆಸುತ್ತಿದ್ದ ವಿಜಯಕುಮಾರ್ ಆಗಷ್ಟೇ ಒಂದು ಇಂಟರ್‌ನೆಟ್ ಕಂಪನಿಯ ಏಜೆಂಟನಾಗಿದ್ದ. ಬಾಕ್ಸನ್ನು ಹೆಗಲ ಮೇಲೆ ಹೊತ್ತು ಬಂದು, ಕಲಾಳನ್ನು ತಮಿಳಿನ ರೂಢಿಯಂತೆ ಅತ್ತಿಗೆ ಎಂದು ಕರೆಯುತ್ತ, “ಅಣ್ಣಿ, ನಿಮ್ಮನೆ ನಡುವಿಂದು. ಇಲ್ಲಿಟ್ರೆ ಎರಡು ಕಡೇಗೂ ವೈರು ಸಾಕಾಗುತ್ತೆ. ನಿಮಗೆ ನೆಟ್ಟು ಫ್ರೀ, ಕರೆಂಟು ಮಾತ್ರ ನಿಮ್ದು” ಎಂದಿದ್ದ. ಕಲಾ ಯೋಚಿಸುವ ಮೊದಲೇ ಮಾವ ಒಪ್ಪಿದ್ದರು. “ಇಡ್ಲಾ ಮಗ. ಸಾಲಿಗೆ ಬಂದಿದ್ದು ನಡುವಿನ ಮನೇಗೇ ಬರೋದು.”

ಅದು ಅವರೊಬ್ಬರ ಮಾತಾಗಿರಲಿಲ್ಲ. ಗಣಿ ನಡೆಯುತ್ತಿದ್ದ ಕಾಲದಿಂದಲೂ ಸಾಲಿಗೆಲ್ಲ ಸೇರಿದ್ದನ್ನು ನಡುವಿನ ಮನೆಯಲ್ಲೇ ಇಡುತ್ತಿದ್ದರು. ಹಬ್ಬಕ್ಕೆ ಅನ್ನ ಬೇಯಿಸುವ ದೊಡ್ಡ ಹಂಡೆ, ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿ, ಸಾವಾದರೆ ಬೇಕಾಗುವ ಬಿದಿರು, ಎಲ್ಲ ಅಲ್ಲೇ. ಯಾರು ಯಾವಾಗ ಬಂದು ಕೇಳಿದರೂ ಆ ಮನೆಯವರು ಬಾಗಿಲು ತೆಗೆಯಬೇಕು, ಇಲ್ಲ ಎನ್ನುವಂತಿಲ್ಲ. ಹಂಡೆ ಈಗಲೂ ಅಟ್ಟದ ಮೇಲಿದೆ. ಅದರ ಕೆಳಗೆ ಬಾಕ್ಸು ಸೇರಿಕೊಂಡಿತು.

ಕಲಾ ಕಾಮಸಮುದ್ರದ ಕಡೆಯ ಹಳ್ಳಿಯವಳು. ಅಜ್ಜಿಯ ಜೊತೆ ತೆಲುಗು, ಶಾಲೆಯಲ್ಲಿ ಕನ್ನಡ, ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಬೀದಿ ನಲ್ಲಿಯ ಹತ್ತಿರ ತಮಿಳು. ಈ ಮೂರು ಭಾಷೆಗಳೇ ಅವಳಿಗೆ ಕೆಲಸ ಕೊಟ್ಟವು. ರಕ್ತಪರೀಕ್ಷೆ ಮಾಡುವ ಬೆಂಗಳೂರಿನ ಒಂದು ಸಂಸ್ಥೆಗೆ ಫೋನ್ ಮಾಡುವವರು ರಿಪೋರ್ಟು ಯಾವಾಗ ಬರುತ್ತದೆ, ಊಟ ಮಾಡಿ ಬರಬೇಕೋ ಮಾಡದೆ ಬರಬೇಕೋ ಎಂದು ಕೇಳುತ್ತಾರೆ. ಅವರವರ ಭಾಷೆಯಲ್ಲಿ ಉತ್ತರ ಹೇಳುವುದು ಅವಳ ಕೆಲಸ. ಎಷ್ಟೋ ವರ್ಷ ಅವಳು ಕತ್ತಲಿರುವಾಗಲೇ ಎದ್ದು ಚಾಂಪಿಯನ್ ಸ್ಟೇಷನ್ನಿನಲ್ಲಿ ರೈಲು ಹತ್ತಿ, ಕತ್ತಲಾದ ಮೇಲೆ ಮನೆ ಸೇರಿದ್ದಾಳೆ. ಮಗಳು ನಡೆಯಲು ಕಲಿತದ್ದನ್ನು ಕಣ್ಣಾರೆ ನೋಡಿದ್ದು ಒಂದು ಭಾನುವಾರ. ಕೊರೊನಾ ಬಂದು ಆಫೀಸು ಮುಚ್ಚಿದಾಗ ಕಂಪನಿ ಒಂದು ಲ್ಯಾಪ್‌ಟಾಪ್ ಮತ್ತು ಒಂದು ಹೆಡ್‌ಫೋನ್ ಕಳಿಸಿತು. ಆಫೀಸು ತೆರೆದ ಮೇಲೂ ಮನೆಯಿಂದಲೇ ಮಾಡಲು ಅವಳಿಗೆ ಅನುಮತಿ ಸಿಕ್ಕಿತು.

ಅಷ್ಟರಲ್ಲಿ ಮಾವ ತೀರಿಕೊಂಡಿದ್ದರು. ಅತ್ತೆಯ ಕಣ್ಣು ಹೋಗಿತ್ತು. ಗಂಡ ಅಂಬರೀಶ್ ಬೆಳಕು ಹರಿಯುವ ಮೊದಲೇ ಗೂಡ್ಸ್ ಆಟೋ ತೆಗೆದುಕೊಂಡು ಬಂಗಾರಪೇಟೆ ಮಾರ್ಕೆಟ್ಟಿಗೆ ಹೊರಟುಬಿಡುತ್ತಿದ್ದ. ಮಗಳು ಇನ್ನೂ ಶಾಲೆಗೆ ಹೋಗುವ ಹುಡುಗಿ. ಮಧ್ಯಾಹ್ನ ಊಟಕ್ಕೆ ಮೊದಲು ಮಾರಿಯಮ್ಮನಿಗೆ ಇನ್ಸುಲಿನ್ ಚುಚ್ಚುವುದಕ್ಕೆ ಮನೆಯಲ್ಲಿ ಇರುತ್ತಿದ್ದವಳು ಕಲಾ ಒಬ್ಬಳೇ.

ಹೀಗಿರುವಾಗ, ಒಂದು ಬೇಸಿಗೆಯಲ್ಲಿ, ಮಧ್ಯಾಹ್ನದ ಕರೆಗಳು ಮಧ್ಯದಲ್ಲೇ ಕಡಿದುಹೋಗತೊಡಗಿದವು. ಮಾತಾಡುತ್ತಿದ್ದವರ ದನಿ ಮೊದಲು ನೀರೊಳಗಿನಿಂದ ಬಂದಂತಾಗಿ ಆಮೇಲೆ ನಿಂತೇ ಹೋಗುತ್ತಿತ್ತು. ಮೇಲ್ವಿಚಾರಕಿ ಅರ್ಚನ ಒಳ್ಳೆಯ ಹುಡುಗಿ, ಕಲಾಗಿಂತ ಚಿಕ್ಕವಳು. ಸುತ್ತಿ ಬಳಸಿ ಮಾತಾಡಲಿಲ್ಲ. “ಕಲಾ ಅವ್ರೇ, ಕಾಲ್ ಮಧ್ಯದಲ್ಲಿ ಹೋದ್ರೆ ಸಿಸ್ಟಮ್ಮು ನೀವೇ ಕಟ್ ಮಾಡಿದ್ರಿ ಅಂತ ತಗೊಳ್ಳುತ್ತೆ. ನಾನೆಷ್ಟು ಅಂತ ಸಮಜಾಯಿಷಿ ಕೊಡ್ಲಿ? ಮುಂದಿನ ತಿಂಗಳೂ ಹಿಂಗೇ ಆದ್ರೆ ನೀವು ಆಫೀಸಿಗೆ ಬರ್ಬೇಕಾಗುತ್ತೆ.”

ಆಫೀಸು ಎಂದರೆ ಮತ್ತೆ ಆ ರೈಲು. ರೈಲು ಎಂದರೆ ಅತ್ತೆ ಇಡೀ ದಿನ ಒಬ್ಬಳೇ. ಕೆಲಸ ಬಿಡುವ ಸ್ಥಿತಿಯೂ ಇರಲಿಲ್ಲ.

ಕಲಾ ವಿಜಯಕುಮಾರನಿಗೆ ಫೋನ್ ಮಾಡಿದಳು. ಅವನು ಬಂದ, ಕುರ್ಚಿ ಎಳೆದುಕೊಂಡು ಕೂತ, ಕಾಫಿ ಕುಡಿದ. ಬಾಕ್ಸಿನ ಕಡೆ ತಲೆಯೆತ್ತಿಯೂ ನೋಡಲಿಲ್ಲ.

“ಎಲ್ಲಾರ್ಗೂ ಅಂಗೇ ಐತೆ ಅಣ್ಣಿ. ಮೇಲಿಂದಾನೇ ಪ್ರಾಬ್ಲಮ್ಮು.”

ಮಂಚದ ಮೇಲಿದ್ದ ಮಾರಿಯಮ್ಮ ಕೇಳಿದಳು, “ಮೇಲಿಂದ ಅಂದ್ರೆ ಯಾರ್ಲಾ ವಿಜಿ? ದೇವ್ರಾ?”

“ಕಂಪನಿ ಕಣಮ್ಮೋ.”

“ನಿನ್ ಕಂಪನೀಗೆ ನಮ್ ಕರೆಂಟ್ ಬೇಕು, ನಮ್ ಗೋಡೆ ಬೇಕು. ನಮ್ ಸೊಸೆ ಕೇಳಿದ್ರೆ ದೇವ್ರನ್ನ ತೋರಿಸ್ತೀಯಾ?”

ವಿಜಯಕುಮಾರ್ ನಕ್ಕ. ಮಾರಿಯಮ್ಮನ ಬೈಗುಳ ಅವನಿಗೆ ಹೊಸದಲ್ಲ. ಚಿಕ್ಕಂದಿನಲ್ಲಿ ಇದೇ ಮನೆಯಲ್ಲಿ ಉಂಡು ಮಲಗಿದವನು. ಕೋದಂಡಪ್ಪ ಸತ್ತಾಗ ಅಟ್ಟದಿಂದ ಬಿದಿರು ಇಳಿಸಿ ಚಟ್ಟ ಕಟ್ಟಿದವನೂ ಮುಂದೆ ಹೆಗಲು ಕೊಟ್ಟವನೂ ಅವನೇ. “ನೋಡ್ತೀನಿ ಅಣ್ಣಿ” ಎಂದು ಎದ್ದು ಹೋದ. ಮಾರನೆಯ ಮಧ್ಯಾಹ್ನ ಎರಡು ಕರೆ ಕಡಿದುಹೋದವು.

ಕೊನೆಗೆ ಕಲಾ ಆ ಕಂಪನಿಯ ಗ್ರಾಹಕ ಸೇವೆಗೇ ಫೋನ್ ಮಾಡಿದಳು. ಆ ಕಡೆ ಒಬ್ಬ ಹೆಂಗಸು. ಮೊದಲ ವಾಕ್ಯದಲ್ಲೇ ಕಲಾ ಗುರುತು ಹಿಡಿದಳು. ಮುಂದಿರುವ ಪರದೆಯನ್ನು ನೋಡಿಕೊಂಡು ಓದುತ್ತಿರುವ ದನಿ, ತಾನು ದಿನವಿಡೀ ಆಡುವ ದನಿ.

“ನಿಮ್ಮ ನೋಂದಾಯಿತ ಮೊಬೈಲ್ ಸಂಖ್ಯೆ ಹೇಳಿ ಮೇಡಂ.”

ಹೇಳಿದಳು. ಆ ಸಂಖ್ಯೆಯಲ್ಲಿ ಖಾತೆ ಇರಲಿಲ್ಲ. ಅಂಬರೀಶನ ಸಂಖ್ಯೆ ಹೇಳಿದಳು. ಅದರಲ್ಲೂ ಇರಲಿಲ್ಲ. ತೀರಿಹೋದ ಮಾವನ ಹೆಸರು ಹೇಳಿದಳು, ಮನೆ ನಂಬರು ಹೇಳಿದಳು.

“ಕ್ಷಮಿಸಿ ಮೇಡಂ. ನೀವು ನಮ್ಮ ಗ್ರಾಹಕರಲ್ಲ. ದೂರು ದಾಖಲಿಸಿಕೊಳ್ಳಲು ಆಗುವುದಿಲ್ಲ.”

ಕಲಾಳ ಆಫೀಸು ಕನ್ನಡ ಅಲ್ಲಿಗೆ ಮುಗಿಯಿತು. “ನಿಮ್ ಬಾಕ್ಸು ನಮ್ ಗೋಡೆ ಮೇಲೈತಲ್ಲಮ್ಮಾ! ಅಗಲು ರಾತ್ರಿ ನಮ್ ಕರೆಂಟ್ ಕುಡೀತಾ ಕೂತೈತೆ. ನಾನು ಗ್ರಾಹಕಳಲ್ಲ ಅಂದ್ರೆ ಇನ್ಯಾರು?”

“ಅದಕ್ಕೆ ನಿಮ್ಮ ಸ್ಥಳೀಯ ಆಪರೇಟರನ್ನು ಸಂಪರ್ಕಿಸಿ ಮೇಡಂ. ಇನ್ನೇನಾದರೂ ಸಹಾಯ ಬೇಕೇ?”

ಕರೆ ಮಾಡಿದವರು ಇಡುವ ತನಕ ಆ ಹೆಂಗಸು ಇಡುವಂತಿಲ್ಲ, ಇಟ್ಟರೆ ಅವಳ ತಲೆಗೆ ಬರುತ್ತದೆ. ಅದು ಗೊತ್ತಿದ್ದ ಕಲಾ ತಾನೇ ಫೋನ್ ಇಟ್ಟಳು.

ಸರ್ಕಾರದ ಗ್ರಾಹಕ ಸಹಾಯವಾಣಿಯವರು ತಾಳ್ಮೆಯಿಂದ ಕೇಳಿಸಿಕೊಂಡರು. ಸೇವೆಗೆ ಬದಲಾಗಿ ಏನನ್ನಾದರೂ ಕೊಟ್ಟಿದ್ದರೆ ದೂರು ಕೊಡಬಹುದು, ಆ ಬಗ್ಗೆ ರಸೀದಿಯೋ ಬರಹವೋ ಇದೆಯೇ ಎಂದು ಕೇಳಿದರು.

“ಅವನು ಹೇಳಿದ್ದನ್ನ ನಮ್ಮತ್ತೆ ಕೇಳಿಸ್ಕೊಂಡಿದಾರೆ ಸಾರ್.”

“ಬರಹದಲ್ಲಿ ಏನೂ ಇಲ್ವಾ?”

“ಇಲ್ಲ ಸಾರ್. ನಮ್ ಸಾಲಿನಲ್ಲಿ ಯಾರೂ ಬರಕೊಳ್ಳೋದಿಲ್ಲ.”

ಇದ್ದ ಕಂಪನಿಯೊಂದಿಗೆ ಜಗಳವಾಡುವುದಕ್ಕಿಂತ ಅದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದೇ ಸರಿ ಎನ್ನಿಸಿತು. ವಾರದ ರಜೆಯ ದಿನ ಅಂಬರೀಶನ ಆಟೋದಲ್ಲಿ ಈರುಳ್ಳಿ ಮೂಟೆಗಳ ಪಕ್ಕ ಕೂತು ಬಂಗಾರಪೇಟೆಗೆ ಹೋದಳು. ಬೇರೊಂದು ಇಂಟರ್‌ನೆಟ್ ಕಂಪನಿಯ ಆಫೀಸು ಬಸ್ ನಿಲ್ದಾಣದಿಂದ ಸ್ವಲ್ಪ ಮುಂದೆ, ಬೇಕರಿಯ ಮಹಡಿ ಮೇಲಿತ್ತು. ಅಲ್ಲಿದ್ದ ಸುಧಾಕರ್ ಎಲ್ಲವನ್ನೂ ಕೇಳಿ ಪೆನ್ನಿನ ಹಿಂಬದಿಯಿಂದ ಕಿವಿ ಕೆರೆದುಕೊಂಡ.

“ನೋಡಿ ಮೇಡಂ, ನಿಮ್ ಹೆಸರಲ್ಲಿ ಕನೆಕ್ಷನ್ ಇದ್ದಿದ್ರೆ ಕತೆ ಬೇರೆ. ದೂರು ಕೊಟ್ರೆ ಅವ್ರು ದೂರಿನ ನಂಬರ್ ಕೊಡ್ಬೇಕು. ಸರಿ ಮಾಡ್ಲಿಲ್ಲ ಅಂದ್ರೆ ಅವ್ರದೇ ಕಂಪನೀಲಿ ಮೇಲ್ಮನವಿ ಅಂತ ಇರುತ್ತೆ. ಬೇಡ ಅಂದ್ರೆ ನಿಲ್ಲಿಸಿ ಅಂತ ಕೇಳ್ಬಹುದು, ಹಿಡಿದಿಟ್ಕೊಳ್ಳೋ ಹಾಗಿಲ್ಲ. ಕಟ್ಟಿರೋ ಡಿಪಾಸಿಟ್ಟು ವಾಪಸ್ ಕೊಡ್ಬೇಕು. ಆದ್ರೆ ನಿಮ್ ಹತ್ರ ನಿಲ್ಲಿಸೋಕೇ ಏನೂ ಇಲ್ವಲ್ಲ?”

“ಅಂದ್ರೆ ಬಿಟ್ಟು ಬರೋಕೆ ತೊಂದ್ರೆ ಇಲ್ಲ ಅಂತಲಾ?”

“ಏನೂ ಇಲ್ಲ. ನೀವು ಯಾವತ್ತೂ ಅಲ್ಲಿರ್ಲೇ ಇಲ್ಲ.”

ಸುಧಾಕರ್ ಇದನ್ನು ಸಮಾಧಾನಕ್ಕೆಂದೇ ಹೇಳಿದ. ಕಲಾಗೆ ಯಾಕೋ ಮುಖ ಬಿಸಿಯಾಯಿತು.

ತೊಂದರೆ ಇದ್ದದ್ದು ಬೇರೆ ಕಡೆ. ಅವನ ಕಂಪನಿಯ ಕಂಬ ಸಾಲಿನ ಕೊನೆಯಲ್ಲಿ, ಮುಖ್ಯರಸ್ತೆಯ ಬದಿಗಿತ್ತು. ಅಲ್ಲಿಂದ ಕಲಾಳ ಮನೆಗೆ ವೈರು ಬರಬೇಕಾದರೆ ಮಧ್ಯೆ ಬರುವ ಅಷ್ಟೂ ಮನೆಗಳ ತಗಡಿನ ಚಾವಣಿ ಹಾಯ್ದೇ ಬರಬೇಕು. ಒಂದು ಮನೆಯ ತಗಡಿಗೂ ಪಕ್ಕದ ಮನೆಯ ತಗಡಿಗೂ ನಡುವೆ ಗೇಣುದ್ದದ ಜಾಗವಿಲ್ಲ. “ಆ ಮನೆಯವ್ರೆಲ್ಲ ಒಪ್ಪಿದ್ರೆ ನಾಳೇನೇ ಹುಡುಗ್ರನ್ನ ಕಳಿಸ್ತೀನಿ” ಎಂದ ಸುಧಾಕರ್.

ಸಂಜೆ ನಲ್ಲಿಯ ಹತ್ತಿರ ಕಲಾ ಮಾತು ತೆಗೆದಳು. ಬಿಂದಿಗೆಗಳ ಸಾಲಿನಲ್ಲಿ ಮೊದಲು ನಿಂತಿದ್ದವಳು ಪಕ್ಕದ ಮನೆಯ ರಾಧಾಮಣಿ. ಸಾಲಿನ ಪರವಾಗಿ ಮಾತಾಡುವುದು ಯಾವಾಗಲೂ ಅವಳೇ.

“ನೀನು ಬೇರೆ ತಗೊಂಡ್ರೆ ಆ ಬಾಕ್ಸ್ ಗತಿ ಏನೇ?”

“ವಿಜಿ ಎತ್ಕೊಂಡು ಓಗ್ತಾನೆ ಅಕ್ಕಾ.”

“ಎಲ್ಲಿಗೆ? ನಮ್ಮನೇಲಿ ಮಿಕ್ಸಿ ಆಕಿದ್ರೆ ಫ್ಯೂಸ್ ಓಗುತ್ತೆ. ಆ ಕಡೆ ಮನೆ ಬೀಗ. ಈ ಕಡೆಯವ್ರದ್ದು ಚಾವಣಿ ಸೋರುತ್ತೆ.” ರಾಧಾಮಣಿ ಬಿಂದಿಗೆ ಸೊಂಟಕ್ಕೇರಿಸಿದಳು. “ನನ್ ಮಗ್ಳು ಮೀನಾದು ನರ್ಸಿಂಗ್ ಪರೀಕ್ಷೆ ಬಂತು, ಪಾಠ ಎಲ್ಲಾ ಅದ್ರಲ್ಲೇ ನೋಡೋದು. ಏನು, ಹಂಡೆ ಕೇಳಿದ್ರೂ ಇನ್ಮೇಲೆ ಇಲ್ಲ ಅಂತೀಯಾ?”

ಯಾರೋ ನಕ್ಕರು. ಇನ್ಯಾರೋ ತಮಿಳಿನಲ್ಲಿ, ಕೋದಂಡಪ್ಪ ಇದ್ದಿದ್ದರೆ ಈ ಮಾತೇ ಬರುತ್ತಿರಲಿಲ್ಲ ಎಂದರು. ಕಲಾಗೆ ಅದು ಕೇಳಿಸಲಿ ಎಂದೇ ಆಡಿದ ಮಾತು.

ನೀರು ನಿಲ್ಲುವ ಹೊತ್ತಿಗೆ ಒಪ್ಪಂದವಾಗಿತ್ತು. ಕಲಾಳ ಹೊಸ ವೈರು ಎಲ್ಲರ ಚಾವಣಿಯ ಮೇಲೆ ಬರಬಹುದು. ಹಳೆಯ ಬಾಕ್ಸು ಅವಳ ಗೋಡೆಯ ಮೇಲೆ, ಅವಳ ಕರೆಂಟಿನಲ್ಲೇ ಇರಬೇಕು. ಈ ಮಾತಿಗೂ ಬರಹವಿರಲಿಲ್ಲ.

ಸುಧಾಕರನ ಹುಡುಗರು ಬಂದ ದಿನ ವಿಜಯಕುಮಾರನೂ ಬಂದ. ಜಗಳಕ್ಕೆ ಬಂದನೇನೋ ಎಂದು ಕಲಾ ಬಾಗಿಲಲ್ಲೇ ನಿಂತಳು. ಅವನು ಜಗಳವಾಡಲಿಲ್ಲ. ಆ ಹುಡುಗರಿಗೆ ಏಣಿ ಹಿಡಿದುಕೊಂಡ. ಮೇಲಿದ್ದವನೊಬ್ಬ ಇಣುಕಿ, “ಮೇಡಂ, ಈ ಬಾಕ್ಸಿಂದ ಹಿಂದಿನ ಸಾಲಿಗೂ ವೈರು ಹೋಗಿದೆಯಲ್ಲ, ಗೊತ್ತಾ?” ಎಂದು ಕೂಗಿದ.

ಕಲಾ ವಿಜಯಕುಮಾರನನ್ನು ನೋಡಿದಳು.

“ಯಾವಾಗ್ಲಿಂದ?”

“ಬೇಸಿಗೆ ಶುರುವಲ್ಲಿ. ಜನ ಬಂದು ಕೇಳ್ದಾಗ ಇಲ್ಲ ಅನ್ನೋಕಾಯ್ತದಾ ಅಣ್ಣಿ? ನೀವಂತೀರಾ?”

“ಅದಕ್ಕೇ ನನ್ ಕಾಲ್ ಕಟ್ ಆಗ್ತಿತ್ತಾ? ಎಂಟು ಮನೆಗಿದ್ದಿದ್ದನ್ನ ಹದಿನಾರಕ್ಕೆ ಅಂಚಿ ‘ಮೇಲಿಂದ’ ಅಂದ್ಯಲ್ಲಾ!”

“ಬಾಕ್ಸ್ ಬೇಡ ಅಂದ್ರೆ ಇವತ್ತೇ ಬಿಚ್ಕೊಂಡು ಓಗ್ತೀನಿ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ಮೀನಾಗೆ ಉತ್ತರ ನೀವೇ ಕೊಡಿ. ಹಿಂದಿನ ಸಾಲಿಗೂ ನೀವೇ ಕೊಡಿ.”

ಒಳಗಿನಿಂದ ಮಾರಿಯಮ್ಮ, “ಬಿಡಮ್ಮ, ಬಿಡು” ಎಂದಳು. ಯಾರನ್ನು ಬಿಡಬೇಕೆಂದು ಹೇಳಲಿಲ್ಲ.

ಹೋಗುವಾಗ ಸುಧಾಕರನ ಹುಡುಗ ಗೋಡೆಯನ್ನು ತಟ್ಟಿ ನೋಡಿ, ಸಾಲಿನಲ್ಲಿ ಇನ್ನೂ ನಾಲ್ಕು ಜನ ಸೇರಿದರೆ ನಮ್ಮ ಬಾಕ್ಸನ್ನೂ ಇಲ್ಲೇ ಹಾಕೋಣ ಮೇಡಂ, ನಿಮಗೆ ಫ್ರೀ ಆಗುತ್ತೆ ಎಂದ. ಕಲಾ ಅವನ ಮಾತು ಮುಗಿಯಲು ಬಿಡಲಿಲ್ಲ. “ಬೇಡ. ನನ್ ಹೆಸರಲ್ಲಿ ಬಿಲ್ ಕಳ್ಸಿ.”

ಆ ಸಂಜೆ ಮೊಬೈಲಿಗೆ ಸಂದೇಶ ಬಂತು. ಪ್ರಿಯ ಗ್ರಾಹಕರೇ ಎಂದು ಶುರುವಾಗಿ ಅವಳ ಹೆಸರಿತ್ತು, ಖಾತೆಯ ಸಂಖ್ಯೆ ಇತ್ತು, ದೂರಿಗೆ ಯಾರನ್ನು ಸಂಪರ್ಕಿಸಬೇಕೆಂದೂ ಇತ್ತು. ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿದಳು. ಮಾರಿಯಮ್ಮ, “ಪ್ರಿಯ ಅಂತ ಬರ್ದವ್ನಾ? ನಿನ್ ಮಾವ ಒಂದಿನಾನೂ ಅನ್ನಲಿಲ್ಲ ನಂಗೆ” ಎಂದಳು.

ಹೊಸ ಲೈನಿನಲ್ಲಿ ಕರೆಗಳು ಕಡಿದುಹೋಗಲಿಲ್ಲ. ತಿಂಗಳ ಕೊನೆಗೆ ಅರ್ಚನ ಸಂತೋಷದಿಂದ ಫೋನ್ ಮಾಡಿ, ಸದ್ಯಕ್ಕೆ ಮನೆಯಿಂದಲೇ ಮಾಡಿ, ಹೀಗೇ ಇರಲಿ ಎಂದಳು. ಸದ್ಯಕ್ಕೆ ಎನ್ನುವ ಪದ ಕಲಾಗೆ ಕೇಳಿಸದೆ ಇರಲಿಲ್ಲ.

ಆಮೇಲೆ ಮಧ್ಯಾಹ್ನದ ಹೊತ್ತು ಕರೆಂಟು ಹೋಗುವುದು ಶುರುವಾಯಿತು. ಕಲಾಳ ಕೆಲಸಕ್ಕೆಂದು ಅಂಬರೀಶ್ ಹಳೆಯದೊಂದು ಇನ್ವರ್ಟರ್ ತಂದಿಟ್ಟಿದ್ದ. ಅದು ಲ್ಯಾಪ್‌ಟಾಪನ್ನೂ ಅವಳ ಹೊಸ ಲೈನನ್ನೂ ಕರೆಂಟು ಬರುವ ತನಕ ಎಳೆಯಬಲ್ಲದು. ಜೊತೆಗೆ ಎರಡು ಸಾಲಿನ ಬಾಕ್ಸನ್ನೂ ಎಳೆಯಬೇಕೆಂದರೆ ಅರ್ಧದಲ್ಲೇ ಕೀಂ ಕೀಂ ಎನ್ನತೊಡಗುತ್ತಿತ್ತು. ಉಳಿದ ಮನೆಗಳ ವೈಫೈ ಡಬ್ಬಿಗಳಿಗೆ ಸಣ್ಣ ಬ್ಯಾಟರಿ ಇತ್ತು, ಬಾಕ್ಸಿನ ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ. ಹೊಸದು ತರುತ್ತೇನೆ ಎಂದು ವಿಜಯಕುಮಾರ್ ಹೇಳುತ್ತಲೇ ಇದ್ದ.

ಮೊದಲು, ಅವಳ ಇಂಟರ್‌ನೆಟ್ಟೂ ಬಾಕ್ಸಿನಿಂದಲೇ ಬರುತ್ತಿದ್ದಾಗ, ಯೋಚಿಸುವುದಕ್ಕೆ ಏನೂ ಇರಲಿಲ್ಲ. ಬಾಕ್ಸು ನಿಂತರೆ ಅವಳೂ ನಿಲ್ಲುತ್ತಿದ್ದಳು. ಈಗ ಹಾಗಲ್ಲ. ಒಂದು ಮಧ್ಯಾಹ್ನ ಚಿತ್ತೂರಿನ ಹೆಂಗಸೊಬ್ಬಳು ಮಗುವಿನ ರಿಪೋರ್ಟು ಕೇಳಿಕೊಂಡು ಅಳುತ್ತಿದ್ದಾಗ ಇನ್ವರ್ಟರ್ ಕೀಂ ಎಂದಿತು. ಕಲಾ ಕೈಚಾಚಿ ಬಾಕ್ಸಿನ ಸ್ವಿಚ್ಚು ಆರಿಸಿದಳು. ಕರೆ ಉಳಿಯಿತು. ಕರೆಂಟು ಬಂದ ಮೇಲೆ ಮತ್ತೆ ಹಾಕಿದಳು. ಯಾರೂ ಏನೂ ಕೇಳಲಿಲ್ಲ. ಮರುದಿನ ಇನ್ವರ್ಟರ್ ಕೂಗುವುದಕ್ಕೆ ಮೊದಲೇ ಆರಿಸಿದಳು. ಆಮೇಲೆ ಅದೇ ರೂಢಿಯಾಯಿತು.

ಮೀನಾಳ ಪರೀಕ್ಷೆ ಇನ್ನೇನು ಬಂತು ಎನ್ನುವಾಗ ರಾಧಾಮಣಿ ಬಾಗಿಲಿಗೆ ಬಂದಳು. ಕರೆಂಟು ಹೋಗಿತ್ತು, ಬಾಕ್ಸು ಆರಿತ್ತು, ಕಲಾಳ ಕಿವಿಯಲ್ಲಿ ಮುಳಬಾಗಿಲಿನ ಕಡೆಯ ಒಬ್ಬ ಮುದುಕ ಇದ್ದ. ಅವನನ್ನು ಕಾಯಲು ಹೇಳಿ, ಹೆಡ್‌ಫೋನಿನ ಒಂದು ಬದಿಯನ್ನು ಕಿವಿಯಿಂದ ಸರಿಸಿದಳು.

“ಕಲಾ, ಈ ಮಧ್ಯೆ ದಿನಾ ಇದೇ ಒತ್ತಿಗೆ ನೆಟ್ ಓಗ್ತೈತಲ್ಲೇ. ಅವಳು ಪಾಠ ಅರ್ಧಕ್ಕೇ ಬಿಟ್ಟು ಅಳ್ತಾ ಕೂತವ್ಳೆ. ನೀನಾದ್ರೂ ಗೊತ್ತಿರೋಳು, ವಿಜಿಗೆ ಒಂದ್ ಮಾತು ಕೇಳೇ.”

ಬಾಗಿಲಿನಲ್ಲಿ ನಿಂತವಳಿಗೆ ಬಾಕ್ಸು ಕಾಣುತ್ತಿರಲಿಲ್ಲ.

“ಎಲ್ಲಾರ್ಗೂ ಅಂಗೇ ಐತೆ ಅಕ್ಕಾ” ಎಂದಳು ಕಲಾ. “ಮೇಲಿಂದಾನೇ ಪ್ರಾಬ್ಲಮ್ಮು.”

ಹೇಳಿದ ಮೇಲೆ ಅದು ಯಾರ ಮಾತೆಂದು ಅವಳಿಗೇ ಕೇಳಿಸಿತು. ರಾಧಾಮಣಿ ತಲೆಯಾಡಿಸಿ, ಏನು ಕಂಪನಿಗಳೋ ಏನೋ ಎನ್ನುತ್ತ ಹೋದಳು. ಅವಳಿಗೆ ಅನುಮಾನವೇ ಬರಲಿಲ್ಲ. ನಡುವಿನ ಮನೆಯವರ ಮಾತನ್ನು ಅನುಮಾನಿಸುವ ರೂಢಿ ಆ ಸಾಲಿನಲ್ಲಿ ಇಲ್ಲ.

ಕಲಾ ತಿರುಗಿ ನೋಡಿದರೆ ಮಾರಿಯಮ್ಮ ಮನೆಯ ನಡುವೆ ನಿಂತುಬಿಟ್ಟಿದ್ದಳು. ನೀರು ಕುಡಿಯಲೆಂದು ಮಂಚದಿಂದ ಎದ್ದವಳು. ಕೈ ಗಾಳಿಯಲ್ಲಿ ಹುಡುಕುತ್ತಿತ್ತು. ಕೆಮ್ಮಿದಳು, ತಲೆ ಆ ಕಡೆ ಈ ಕಡೆ ತಿರುಗಿಸಿದಳು. ಗೋಡೆಯಿಂದ ಸದ್ದು ಬರುತ್ತಿರಲಿಲ್ಲ.

“ಗೋಡೆ ಎಲ್ಲೋಯ್ತೇ ಕಲಾ?”

ಕಲಾ ಏಳಲು ಹೋದಳು. ಹೆಡ್‌ಫೋನಿನ ವೈರು ಲ್ಯಾಪ್‌ಟಾಪನ್ನು ಮೇಜಿನಂಚಿಗೆ ಎಳೆಯಿತು. ಮತ್ತೆ ಕೂತಳು. ಪರದೆಯ ಮೇಲೆ ಮುದುಕ ಕಾಯುತ್ತಿದ್ದ ಹೊತ್ತು ಕೆಂಪಾಗಿ ಓಡುತ್ತಿತ್ತು. ಅವನನ್ನು ಮತ್ತೆ ಕರೆಗೆ ತಂದು, ಕುತ್ತಿಗೆ ಹೊರಳಿಸಿ ಅತ್ತೆಗೆ ಹೇಳಿದಳು, “ಎಡಕ್ಕೆ ಬಾ. ಇನ್ನೊಂಚೂರು ಎಡಕ್ಕೆ. ಅಲ್ಲೇ ಕೈ ಚಾಚು.”

“ಯಾರ್ಗವ್ವಾ ಎಡಕ್ ಬಾ ಅಂತಿದೀಯ?” ಕಿವಿಯಲ್ಲಿ ಮುದುಕ ಕೇಳಿದ. “ನಾನ್ ಮಂಚದ್ ಮ್ಯಾಲವ್ನಿ.”

“ಕ್ಷಮಿಸಿ ಸಾರ್, ನಿಮಗಲ್ಲ. ಹೇಳಿ, ನಿಮ್ಮ ರಿಪೋರ್ಟಿನ ಸಂಖ್ಯೆ ಎಷ್ಟು?”

ಮಾರಿಯಮ್ಮನ ಬೆರಳು ಬಾಕ್ಸಿಗೆ ತಗುಲಿತು. ಕಬ್ಬಿಣ ತಣ್ಣಗಿತ್ತು. ಬೆರಳು ಹಾಗೇ ಕೆಳಗೆ ಜಾರಿ ಸ್ವಿಚ್ಚನ್ನು ಮುಟ್ಟಿತು, ಅದು ಮೇಲಕ್ಕಿದೆಯೋ ಕೆಳಕ್ಕಿದೆಯೋ ತಡವಿ ನೋಡಿತು. ಮೇಲಕ್ಕಿತ್ತು, ಆರಿಸಿದ್ದು. ಮುದುಕಿ ಸೊಸೆಯ ಕಡೆ ಮುಖ ತಿರುಗಿಸಿದಳು. ಸ್ವಿಚ್ಚು ಹಾಕಲಿಲ್ಲ. ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋದಳು.

ಮುದುಕ ತನ್ನ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಓದುತ್ತಿದ್ದ. ಕಲಾ ಅದನ್ನು ಅವನಿಗೆ ತಿರುಗಿ ಓದಿ ಹೇಳುತ್ತಿದ್ದಳು.